ರಕ್ಷಕಕೋಶಗಳ ಚಲನೆಯೂ ಆಕ್ಟಿನ್ ನಿಯಾಮಕಗಳೂ: ಒಂದು ಚಾರಿತ್ರಿಕ ಅವಲೋಕನ

ರೋಗನಿರೋಧಶಾಸ್ತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಪ್ರತಿಕಾಯಗಳ ಚರಿತ್ರೆಯನ್ನೇ ಬರೆದಿದ್ದಾರೆ. ರಕ್ತದ ದ್ರವಭಾಗದಲ್ಲಿ ಕರಗಿರುವ ಆ ವಸ್ತುಗಳನ್ನು ಗಾಜಿನ ನಳಿಕೆಗೆ ತೆಗೆದು ಅಳೆಯಬಹುದು, ಒಂದರಿಂದೊಂದನ್ನು ಬೇರ್ಪಡಿಸಬಹುದು. ಆದುದರಿಂದ ವಿದ್ವಾಂಸರ ಲಕ್ಷ್ಯ ಮೊದಲು ಅವುಗಳ ಕಡೆಗೆ ಹರಿದುದು ಸಹಜವೇ. ಆದರೆ ರೋಗಾಣುವು ಹೊಕ್ಕ ಎಡೆಗೆ ಬಿಳಿಯ ರಕ್ತಕಣವು ತೆವಳಿಕೊಂಡು ಹೋಗಬೇಕು, ಅದನ್ನು ಸುತ್ತುವರಿದು ನುಂಗಬೇಕು. ಲಿಂಫೋಸೈಟು ತನಗೆ ಸುದ್ದಿ ತಂದ ಕೋಶವನ್ನು ಹಿಡಿದು ನಿಂತು ಆ ಸುದ್ದಿಯನ್ನು ಓದಬೇಕು. ಇವೆಲ್ಲವೂ ಚಲನೆಯ ಕಾರ್ಯಗಳು. ಈ ಚಲನೆಗೆ ಆಧಾರವಾದ ಪ್ರೋಟೀನು ಆಕ್ಟಿನ್; ಆಕ್ಟಿನ್ನನ್ನು ಎಲ್ಲಿ, ಯಾವಾಗ, ಎಷ್ಟು ಕಟ್ಟಬೇಕೆಂಬುದನ್ನು ನಿರ್ಣಯಿಸುವವು ಅದರ ನಿಯಾಮಕ ಪ್ರೋಟೀನುಗಳು. ಇವುಗಳ ಜ್ಞಾನವು ಎರಡು ದಾರಿಗಳಲ್ಲಿ ನಡೆದು ಬಂದಿತು. ಒಂದು ಮಾಂಸಖಂಡದ ರಸಾಯನಶಾಸ್ತ್ರದ್ದು; ಇನ್ನೊಂದು ರೋಗಿಯ ಹಾಸಿಗೆಯ ಬಳಿ ಆರಂಭವಾದುದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಎರಡು ದಾರಿಗಳಿಗೆ ಪರಸ್ಪರ ಪರಿಚಯವೇ ಇರಲಿಲ್ಲ. ಅವು ಸೇರಿದ ಬಗೆಯನ್ನೂ, ತರುವಾಯ ಬೆಂಗಳೂರಿನಲ್ಲಿ ನಡೆದ ಸಂಶೋಧನೆ ಅದಕ್ಕೆ ಕೊಟ್ಟ ತಿರುವನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಕೋಶದ ಚಲನೆಗೂ ರೋಗನಿರೋಧಕ್ಕೂ ಸಂಬಂಧವಿದೆಯೆಂಬುದನ್ನು ಮೊದಲು ಸ್ಪಷ್ಟವಾಗಿ ಕಂಡವನು ರಷ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯ ಮೆಚ್ನಿಕಾಫ್. ೧೮೮೨ರಲ್ಲಿ ಸಿಸಿಲಿಯ ಮೆಸ್ಸೀನದಲ್ಲಿದ್ದಾಗ ಆತನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಗಳ ಮೈಗೆ ಗುಲಾಬಿಯ ಮುಳ್ಳುಗಳನ್ನು ಚುಚ್ಚಿ ಇಟ್ಟು, ಮರುದಿನ ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿರುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಅವಕ್ಕೆ ಭಕ್ಷಕಕೋಶಗಳೆಂಬ ಅರ್ಥದ ಗ್ರೀಕ್ ಹೆಸರು ಬಂದಿತು. ೧೯೦೮ರಲ್ಲಿ ಆತನಿಗೂ ಪ್ರತಿಕಾಯಗಳ ಪಕ್ಷದ ಮುಖಂಡನಾದ ಪಾಲ್ ಎರ್ಲಿಕನಿಗೂ ನೊಬೆಲ್ ಪಾರಿತೋಷಕವನ್ನು ಹಂಚಿಕೊಟ್ಟರು. ಹಂಚಿಕೆ ಸಮನಾಗಿದ್ದರೂ ಮುಂದಿನ ಅರ್ಧ ಶತಮಾನ ಎರ್ಲಿಕನ ಪಕ್ಷದ್ದೇ ಆಯಿತು. ಮೆಚ್ನಿಕಾಫನ ಕೋಶಗಳು ಚಲಿಸುತ್ತವೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಹೇಗೆ ಚಲಿಸುತ್ತವೆಂದು ಕೇಳುವುದಕ್ಕೆ ಬೇಕಾದ ರಸಾಯನಜ್ಞಾನ ಆಗ ಇರಲಿಲ್ಲ.

ಆ ಜ್ಞಾನ ದೊರೆತುದು ಮಾಂಸಖಂಡದಿಂದ. ಜರ್ಮನಿಯ ಕ್ಯೂನೆ ೧೮೬೪ರಲ್ಲಿಯೇ ಮಾಂಸಖಂಡದಿಂದ ತೆಗೆದ ಪ್ರೋಟೀನಿಗೆ ಮಯೋಸಿನ್ ಎಂದು ಹೆಸರಿಟ್ಟಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಂಗೆರಿಯ ಸೆಗೆಡ್ ನಗರದಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿಯ ಪ್ರಯೋಗಶಾಲೆಯಲ್ಲಿ ಒಂದು ವಿಚಿತ್ರ ಕಂಡುಬಂದಿತು. ಅರೆದ ಮಾಂಸವನ್ನು ಉಪ್ಪಿನ ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಟ್ಟು ಸೋಸಿದರೆ ತೆಳುವಾದ ಮಯೋಸಿನ್ ಬರುತ್ತಿತ್ತು. ರಾತ್ರಿಯೆಲ್ಲ ಹಾಗೆಯೇ ಬಿಟ್ಟರೆ ಅಂಟಂಟಾದ, ಗಟ್ಟಿಯಾದ ದ್ರವ ಬರುತ್ತಿತ್ತು. ಈ ವ್ಯತ್ಯಾಸಕ್ಕೆ ಕಾರಣ ಮಯೋಸಿನ್ನಿನೊಡನೆ ಕರಗಿ ಬಂದ ಬೇರೊಂದು ಪ್ರೋಟೀನೆಂದು ೧೯೪೨ರಲ್ಲಿ ತೋರಿಸಿದವನು ತರುಣ ಸಹಾಯಕ ಬ್ರೂನೋ ಸ್ಟ್ರೌಬ್. ಮಯೋಸಿನ್ನನ್ನು ಕ್ರಿಯಾಶೀಲವಾಗಿಸುವುದರಿಂದ ಅದಕ್ಕೆ ಆಕ್ಟಿನ್ ಎಂದು ಹೆಸರಾಯಿತು. ಬಿಡಿಬಿಡಿಯಾದ ಗುಂಡುಗಳ ರೂಪದಲ್ಲಿಯೂ, ಆ ಗುಂಡುಗಳು ಒಂದಕ್ಕೊಂದು ಸೇರಿದ ಎಳೆಯ ರೂಪದಲ್ಲಿಯೂ ಆಕ್ಟಿನ್ ಇರಬಲ್ಲುದೆಂಬುದನ್ನೂ ಸ್ಟ್ರೌಬನೇ ಕಂಡುಹಿಡಿದನು. (ಇದೇ ಸ್ಟ್ರೌಬ್ ೧೯೮೮ರಲ್ಲಿ ಹಂಗೆರಿಯ ಅಧ್ಯಕ್ಷಮಂಡಲಿಯ ಮುಖ್ಯಸ್ಥನಾದನೆಂಬುದನ್ನು ವಿದ್ಯಾರ್ಥಿಗಳು ಕುತೂಹಲಕ್ಕಾಗಿ ನೆನಪಿಡಬಹುದು.)

ಇಲ್ಲಿ ಆಕ್ಟಿನ್ನಿನ ಸ್ವಭಾವವನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗುವಂತಿಲ್ಲ. ಅದನ್ನು ಕೋಶದ ಅಸ್ಥಿಪಂಜರವೆಂದು ಕರೆಯುವ ವಾಡಿಕೆ ಬಂದಿದೆ; ಈ ಹೆಸರು ದಾರಿ ತಪ್ಪಿಸುವಂಥದು. ತೊಂಡೇಬಾವಿಯ ಕಾರ್ಖಾನೆಯಿಂದ ಹೊರಡುವ ಸಿಮೆಂಟಿನಿಂದ ಕಟ್ಟಿದ ಕಂಬ ಒಮ್ಮೆ ನಿಂತರೆ ತಲೆಮಾರುಗಳ ಕಾಲ ನಿಲ್ಲಬೇಕೆಂಬುದೇ ಕಟ್ಟಿದವರ ಅಪೇಕ್ಷೆ. ಆಕ್ಟಿನ್ನಿನ ಕಟ್ಟಡ ಹಾಗಲ್ಲ. ಸುಮಾರು ಏಳು ನ್ಯಾನೋಮೀಟರು ದಪ್ಪದ ಆ ಎಳೆಯ ಒಂದು ತುದಿಯಲ್ಲಿ ಗುಂಡುಗಳು ಸೇರುತ್ತಿರುವಾಗಲೇ ಇನ್ನೊಂದು ತುದಿಯಲ್ಲಿ ಕಳಚಿಕೊಳ್ಳುತ್ತಿರುತ್ತವೆ; ತೆವಳುವ ಕೋಶದ ಮುಂಭಾಗದಲ್ಲಿ ಇಂದು ನಿಂತ ಎಳೆ ನಿಮಿಷಾರ್ಧದಲ್ಲಿ ಇಲ್ಲವಾಗಬಹುದು. ಇದಕ್ಕಿಂತ ಹತ್ತಿರದ ಹೋಲಿಕೆ ಅದೇ ಸೀಮೆಯ ಶಿಡ್ಲಘಟ್ಟದಲ್ಲಿ ದೊರೆಯುತ್ತದೆ. ಅಲ್ಲಿ ರೇಷ್ಮೆನೂಲು ಬಿಚ್ಚುವವರು ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿಯನ್ನು ಹುಡುಕಿ ಹಿಡಿಯುತ್ತಾರೆ, ಹಲವು ಎಳೆಗಳನ್ನು ಕೂಡಿಸುತ್ತಾರೆ, ಒಂದು ಕಡಿದರೆ ಮತ್ತೊಂದನ್ನು ತಗುಲಿಸುತ್ತಾರೆ. ಎಳೆ ಗೂಡಿನಲ್ಲಿಯೇ ಇದ್ದರೂ ಕೈಚಳಕವಿಲ್ಲದೆ ನೂಲಾಗದು. ಕೋಶದಲ್ಲಿ ಆ ಕೈಗಳ ಕೆಲಸವನ್ನು ನಿಯಾಮಕ ಪ್ರೋಟೀನುಗಳು ಮಾಡುತ್ತವೆ: ಪ್ರೊಫಿಲಿನ್ ಗುಂಡುಗಳನ್ನು ಬೆಳೆಯುವ ತುದಿಗೆ ಒಯ್ದು ಕೊಡುತ್ತದೆ, ಫಾರ್ಮಿನ್ ನೇರವಾದ ಎಳೆಯನ್ನು ಬೆಳೆಸುತ್ತದೆ, ಕೋಫಿಲಿನ್ ಹಳೆಯದನ್ನು ತುಂಡರಿಸುತ್ತದೆ. ಥೈಮೊಸಿನ್ ಬೀಟಾ-೪ ಎಂಬುದು ಬಿಡಿಗುಂಡುಗಳನ್ನು ಹಿಡಿದಿಟ್ಟುಕೊಂಡು ಅಕಾಲದಲ್ಲಿ ಎಳೆಯಾಗದಂತೆ ತಡೆಯುತ್ತದೆ. ಈ ಕೊನೆಯದನ್ನು ಮೊದಲು ಥೈಮಸ್ ಗ್ರಂಥಿಯ ಒಂದು ಹಾರ್ಮೋನೆಂದೇ ಭಾವಿಸಿದ್ದರು. ಅದರ ನಿಜವಾದ ಉದ್ಯೋಗ ತಿಳಿದುದು ೧೯೯೧ರಲ್ಲಿ.

ಆಕ್ಟಿನ್ ಮಾಂಸಖಂಡದ ಸ್ವತ್ತೆಂಬ ನಂಬಿಕೆ ಬಹುಕಾಲ ಬಾಳಿತು. ೧೯೬೬ರಲ್ಲಿ ಜಪಾನಿನ ಹತಾನೋ ಮತ್ತು ಓಸಾವ ಎಂಬವರು ಫೈಸಾರಂ ಎಂಬ ಲೋಳೆಶಿಲೀಂಧ್ರದಿಂದ ಅದನ್ನು ಬೇರ್ಪಡಿಸಿದರು. ೧೯೬೯ರಲ್ಲಿ ಇಶಿಕಾವ, ಬಿಷಾಫ್, ಹೋಲ್ಟ್ಸರ್ ಇವರು ಮಯೋಸಿನ್ನಿನ ತುಣುಕುಗಳನ್ನು ಅಂಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಉಪಾಯದಿಂದ, ಮಾಂಸಖಂಡಕ್ಕೆ ಸೇರದ ಅನೇಕ ಕೋಶಗಳಲ್ಲಿಯೂ ಆಕ್ಟಿನ್ ಎಳೆಗಳಿರುವುದನ್ನು ತೋರಿಸಿದರು. ಆ ಮೇಲೆಯೇ ಮೆಚ್ನಿಕಾಫನ ಕೋಶಗಳ ಸರದಿ ಬಂದಿತು. ಬೋಸ್ಟನ್ನಿನ ತಾಮಸ್ ಸ್ಟಾಸೆಲ್ ಮತ್ತು ಆತನ ಸಹೋದ್ಯೋಗಿಗಳು ೧೯೭೪ರಲ್ಲಿ ಒಂದು ಗಂಡುಶಿಶುವಿನ ವೃತ್ತಾಂತವನ್ನು ಪ್ರಕಟಿಸಿದರು. ಮೇಲಿಂದ ಮೇಲೆ ಉಗ್ರವಾದ ಸೋಂಕಿಗೆ ಗುರಿಯಾಗುತ್ತಿದ್ದ ಆ ಮಗುವಿನ ರಕ್ತದಲ್ಲಿ ನ್ಯೂಟ್ರೋಫಿಲುಗಳಿಗೆ ಕೊರತೆಯಿರಲಿಲ್ಲ; ಆದರೆ ಅವು ತೆವಳಲಾರವು, ನುಂಗಲಾರವು. ಕೋಶದ ಸಾರವನ್ನು ತೆಗೆದು ಪರೀಕ್ಷಿಸಿದಾಗ ಅದರಲ್ಲಿದ್ದ ಆಕ್ಟಿನ್ ಸರಿಯಾಗಿ ಎಳೆಗಟ್ಟಲಿಲ್ಲ. ಆಕ್ಟಿನ್ನಿನ ವ್ಯವಸ್ಥೆ ಕೆಟ್ಟರೆ ರೋಗನಿರೋಧ ಕೆಡುವುದೆಂಬುದಕ್ಕೆ ಇದು ಮೊದಲ ನೇರವಾದ ಸಾಕ್ಷ್ಯ. ಮರುವರ್ಷ ಹಾರ್ಟ್‌ವಿಗ್ ಮತ್ತು ಸ್ಟಾಸೆಲ್ ಮೊಲದ ಶ್ವಾಸಕೋಶದ ಭಕ್ಷಕಕೋಶಗಳಿಂದ ಆಕ್ಟಿನ್ ಎಳೆಗಳನ್ನು ಹೆಣೆದು ಬಲೆಯಾಗಿಸುವ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ೧೯೭೯ರಲ್ಲಿ ಯಿನ್ ಮತ್ತು ಸ್ಟಾಸೆಲ್ ಕಂಡ ಜೆಲ್‌ಸೊಲಿನ್ ಕ್ಯಾಲ್ಸಿಯಮಿನ ಸನ್ನಿಧಿಯಲ್ಲಿ ಅದೇ ಬಲೆಯನ್ನು ಕತ್ತರಿಸಿ ಸಡಿಲಿಸುವಂಥದು. ಕಟ್ಟುವುದಕ್ಕೊಂದು, ಬಿಚ್ಚುವುದಕ್ಕೊಂದು ಎಂಬ ಕಲ್ಪನೆ ಭಕ್ಷಕಕೋಶದಲ್ಲಿ ಹೀಗೆ ನೆಲೆಗೊಂಡಿತು.

ಇನ್ನು ಎರಡನೆಯ ದಾರಿ. ಇದರ ಆರಂಭ ಸ್ಟ್ರೌಬನ ಶೋಧಕ್ಕಿಂತ ಐದು ವರ್ಷ ಹಿಂದಿನದು. ೧೯೩೭ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಆಲ್ಫ್ರೆಡ್ ವಿಸ್ಕಾಟ್ ಒಂದೇ ಮನೆಯ ಮೂವರು ಸೋದರರ ರೋಗವನ್ನು ವರ್ಣಿಸಿದನು. ರಕ್ತಸ್ರಾವ, ರಕ್ತಮಿಶ್ರಿತ ಭೇದಿ, ಮೈಮೇಲೆ ಇಸುಬು, ಎಡೆಬಿಡದ ಕಿವಿಸೋರಿಕೆ ಇವು ಲಕ್ಷಣಗಳು. ಮೂವರೂ ಶೈಶವದಲ್ಲಿಯೇ ತೀರಿಕೊಂಡರು, ಅಕ್ಕತಂಗಿಯರು ಆರೋಗ್ಯವಾಗಿದ್ದರು. ಮಾಮೂಲು ರಕ್ತಸ್ರಾವದ ರೋಗವಿದಲ್ಲವೆಂದೂ ಕುಲದಲ್ಲಿ ಹರಿದುಬರುವ ಪ್ರತ್ಯೇಕ ವ್ಯಾಧಿಯೆಂದೂ ವಿಸ್ಕಾಟ್ ಊಹಿಸಿದನು. ೧೯೫೪ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಮತ್ತು ಸಹೋದ್ಯೋಗಿಗಳು ಡಚ್ ಮೂಲದ ಒಂದು ಮನೆತನದ ವಂಶವೃಕ್ಷವನ್ನು ಪರಿಶೀಲಿಸಿ, ಇದು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವ, ಎಕ್ಸ್ ವರ್ಣತಂತುವಿಗೆ ಸೇರಿದ ರೋಗವೆಂದು ಸ್ಥಾಪಿಸಿದರು. ಇಬ್ಬರ ಹೆಸರೂ ಸೇರಿ ಅದು ವಿಸ್ಕಾಟ್-ಆಲ್ಡ್ರಿಚ್ ರೋಗವೆನಿಸಿತು.

ಈ ರೋಗದ ತೊಡಕು ಅದರ ಲಕ್ಷಣಗಳ ವೈವಿಧ್ಯದಲ್ಲಿದೆ. ರಕ್ತಸ್ರಾವಕ್ಕೆ ಕಾರಣ ರಕ್ತಫಲಕಗಳು ಸಂಖ್ಯೆಯಲ್ಲಿಯೂ ಗಾತ್ರದಲ್ಲಿಯೂ ಕುಗ್ಗಿರುವುದು. ಸೋಂಕಿಗೆ ಕಾರಣ ಲಿಂಫೋಸೈಟುಗಳ ದೌರ್ಬಲ್ಯ. ಇವೆರಡಕ್ಕೂ ಒಂದೇ ಮೂಲ ಇರಬಹುದೆಂದು ಹೇಳುವುದಕ್ಕೆ ಯಾವ ಸಿದ್ಧಾಂತವೂ ಇರಲಿಲ್ಲ. ೧೯೬೮ರಲ್ಲಿ ಫ್ರಿಟ್ಸ್ ಬಾಕ್ ಮೊದಲಾದವರು ಇಂಥ ಒಬ್ಬ ಹುಡುಗನಿಗೆ ಮೂಳೆಯ ಮಜ್ಜೆಯನ್ನು ಕಸಿ ಮಾಡಿ ಭಾಗಶಃ ಯಶಸ್ಸು ಪಡೆದರು. ದೋಷ ರಕ್ತದ ಮೂಲಕೋಶಗಳಲ್ಲಿಯೇ ಇದೆಯೆಂಬುದು ಇದರಿಂದ ತೋರಿತು. ೧೯೮೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಈ ರೋಗಿಗಳ ಲಿಂಫೋಸೈಟುಗಳು ಬೋಳಾಗಿ ಕಂಡವು. ಸಹಜವಾದ ಲಿಂಫೋಸೈಟಿನ ಮೈಮೇಲೆ ರೋಮಗಳಂತೆ ನಿಲ್ಲುವ ಸೂಕ್ಷ್ಮವಾದ ಚಾಚುಗಳು ಕಡಮೆಯಾಗಿದ್ದವು. ಆ ಚಾಚುಗಳೊಳಗಿನ ತಿರುಳು ಆಕ್ಟಿನ್. ಸುಳಿವು ಕಣ್ಣಿನ ಮುಂದೆಯೇ ಇತ್ತೆಂದು ಈಗ ಹೇಳುವುದು ಸುಲಭ.

೧೯೯೪ರಲ್ಲಿ ಡೆರಿ, ಆಕ್ಸ್, ಫ್ರಾಂಕೆ ಎಂಬವರು ರೋಗದ ಜೀನನ್ನು ಕಂಡುಹಿಡಿದರು. ಅದು ಸೂಚಿಸಿದ ಪ್ರೋಟೀನು ೫೦೨ ಅಮೈನೋ ಆಮ್ಲಗಳದು. ರಕ್ತಕ್ಕೆ ಸಂಬಂಧಪಟ್ಟ ಕೋಶಗಳಲ್ಲಿ ಮಾತ್ರ ಇರುವಂಥದು. ರೋಗದ ಹೆಸರಿನಿಂದಲೇ ಅದನ್ನು ವಾಸ್ಪ್ ಎಂದು ಕರೆದರು. ಅದರ ಕೆಲಸವೇನೆಂಬುದು ಆಗ ಗೊತ್ತಾಗಲಿಲ್ಲ. ಎರಡು ವರ್ಷಗಳ ಮೇಲೆ, ಸಿಡಿಸಿ-೪೨ ಎಂಬ ಸಂಜ್ಞಾವಾಹಕ ಪ್ರೋಟೀನು ವಾಸ್ಪನ್ನು ಹಿಡಿಯುವುದೆಂದೂ, ಕೋಶದಲ್ಲಿ ವಾಸ್ಪನ್ನು ಹೆಚ್ಚಿಸಿದರೆ ಅದರ ಸುತ್ತ ಆಕ್ಟಿನ್ ಗುಂಪುಗೂಡುವುದೆಂದೂ ತಿಳಿದುಬಂದಿತು. ಸೆಗೆಡ್ಡಿನ ದಾರಿಯೂ ವಿಸ್ಕಾಟನ ದಾರಿಯೂ ಸಂಧಿಸಿದುದು ಇಲ್ಲಿ, ೧೯೯೬ರಲ್ಲಿ.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. ೧೯೯೪ರಲ್ಲಿಯೇ ಪೊಲ್ಲಾರ್ಡನ ಪ್ರಯೋಗಶಾಲೆಯಲ್ಲಿ ಅಕಾಂತಮೀಬ ಎಂಬ ಏಕಕೋಶಜೀವಿಯಿಂದ ಏಳು ಪ್ರೋಟೀನುಗಳ ಒಂದು ಕೂಟವನ್ನು ತೆಗೆದಿದ್ದರು. ಆರ್ಪ್ ೨/೩ ಎಂದು ಅದರ ಹೆಸರು. ಇರುವ ಎಳೆಯ ಪಕ್ಕದಲ್ಲಿ ಕುಳಿತು ಸುಮಾರು ೭೦ ಡಿಗ್ರಿಯ ಕೋನದಲ್ಲಿ ಹೊಸ ಕೊಂಬೆಯನ್ನು ಹೊರಡಿಸುವುದು ಅದರ ಕೆಲಸ. ಆದರೆ ತಾನಾಗಿಯೇ ಅದು ಮಂದ. ವಾಸ್ಪಿನ ಬಳಗದ ಪ್ರೋಟೀನುಗಳೇ ಅದನ್ನು ಎಬ್ಬಿಸುತ್ತವೆಂಬುದು ೧೯೯೯ರಲ್ಲಿ ಖಚಿತವಾಯಿತು. ಸಾಧಾರಣ ಸ್ಥಿತಿಯಲ್ಲಿ ವಾಸ್ಪ್ ತನ್ನ ಬಾಲವನ್ನು ತನ್ನ ಮೈಯೊಳಗೆ ಮಡಿಸಿಕೊಂಡು ಮಲಗಿರುತ್ತದೆ. ಸಿಡಿಸಿ-೪೨ ಬಂದು ತಗುಲಿದಾಗ ಮಡಿಕೆ ಬಿಚ್ಚಿ, ಬಾಲವು ಆರ್ಪ್ ೨/೩ನ್ನು ಹಿಡಿದು ಕೆಲಸಕ್ಕೆ ಹಚ್ಚುತ್ತದೆ. ಸಂಜ್ಞೆ ಬಂದೆಡೆಯಲ್ಲಿ ಮಾತ್ರ, ಬಂದ ಹೊತ್ತಿನಲ್ಲಿ ಮಾತ್ರ ಕೊಂಬೆ ಚಿಗುರುವಂತೆ ಇದು ಏರ್ಪಾಡು.

ಈ ಮಡಿಕೆಯ ಮಹತ್ತ್ವವನ್ನು ತಿಳಿಸಿದುದೂ ಪ್ರಯೋಗಶಾಲೆಗಿಂತ ಹೆಚ್ಚಾಗಿ ಒಂದು ಸಂಸಾರವೇ. ೨೦೦೧ರಲ್ಲಿ ಬೆಲ್ಜಿಯಮಿನ ವೈದ್ಯರು ಪ್ರಕಟಿಸಿದ ವರದಿಯಲ್ಲಿ ವಾಸ್ಪಿನ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ಮಡಿಕೆ ಮುಚ್ಚಿಕೊಳ್ಳಲಾರದೆ ಬಾಲ ಸದಾ ಬಿಚ್ಚಿಯೇ ಇರುತ್ತಿತ್ತು. ಆ ಮನೆಯ ಗಂಡಸರಿಗೆ ಬಂದ ರೋಗ ವಿಸ್ಕಾಟ್ ಹೇಳಿದುದಲ್ಲ. ಅವರಲ್ಲಿ ನ್ಯೂಟ್ರೋಫಿಲುಗಳೇ ತೀರ ಕಡಮೆಯಾಗಿದ್ದವು. ವಾಸ್ಪ್ ಇಲ್ಲದಿದ್ದರೆ ಒಂದು ರೋಗ, ವಿಶ್ರಾಂತಿಯಿಲ್ಲದೆ ದುಡಿದರೆ ಮತ್ತೊಂದು. ಆಕ್ಟಿನ್ ಎಷ್ಟಿದೆಯೆಂಬುದಕ್ಕಿಂತ ಅದರ ನಿಯಮನವೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಾಗಿಲ್ಲ. ೨೦೦೬ರಲ್ಲಿ ಜರ್ಮನಿಯ ವಿದ್ವಾಂಸರು ವಿಸ್ಕಾಟ್ ನೋಡಿದ ಅದೇ ಮನೆತನವನ್ನು ಹುಡುಕಿ, ಅದರಲ್ಲಿ ಹರಿದುಬಂದ ವಾಸ್ಪ್ ಜೀನಿನ ದೋಷವನ್ನು ಗುರುತಿಸಿದರು. ಎರಡು ನ್ಯೂಕ್ಲಿಯೋಟೈಡುಗಳು ಬಿಟ್ಟುಹೋಗಿದ್ದವು. ಮೂವರು ಶಿಶುಗಳ ಸಾವಿಗೆ ಕಾರಣ ಹೀಗೆ ಎಪ್ಪತ್ತು ವರ್ಷಗಳ ಬಳಿಕ ಅಕ್ಷರಶಃ ಓದಲ್ಪಟ್ಟಿತು.

ಇದೇ ಜಾತಿಯ ಇತರ ರೋಗಗಳೂ ಒಂದೊಂದಾಗಿ ಗೋಚರಕ್ಕೆ ಬಂದಿವೆ. ಕೊರೊನಿನ್-೧ಎ ಎಂಬ ನಿಯಾಮಕದ ಅಭಾವದಿಂದ ಉಗ್ರವಾದ ರೋಗನಿರೋಧಾಭಾವ ಉಂಟಾಗುವುದೆಂದು ೨೦೦೮ರಲ್ಲಿಯೂ, ಆರ್ಪ್ ೨/೩ ಕೂಟದ ಒಂದು ಅಂಗ ಕೆಟ್ಟರೆ ವಿಸ್ಕಾಟ್-ಆಲ್ಡ್ರಿಚ್ ರೋಗವನ್ನು ಹೋಲುವ ಸ್ಥಿತಿ ಬರುವುದೆಂದು ೨೦೧೭ರಲ್ಲಿಯೂ ವರದಿಯಾಯಿತು. ನಮ್ಮ ಊರುಗಳಲ್ಲಿ ಕಿವಿಸೋರಿಕೆ, ಇಸುಬು, ಭೇದಿ ಇವು ಮಕ್ಕಳಲ್ಲಿ ಸರ್ವಸಾಮಾನ್ಯ. ಆದುದರಿಂದಲೇ ಈ ರೋಗ ಅವುಗಳ ಮರೆಯಲ್ಲಿ ಅಡಗಿಕೊಳ್ಳುವುದು ಸುಲಭ. ಗಂಡುಮಗುವಿನಲ್ಲಿ ಇವು ಒಟ್ಟಾಗಿ ಕಂಡು, ಜತೆಗೆ ರಕ್ತಫಲಕಗಳು ಕಡಮೆಯೂ ಚಿಕ್ಕವೂ ಆಗಿದ್ದರೆ ವೈದ್ಯನು ಎಚ್ಚರಗೊಳ್ಳಬೇಕು. ಫಲಕದ ಗಾತ್ರವನ್ನು ಸಾಧಾರಣವಾದ ರಕ್ತಪರೀಕ್ಷೆಯ ಯಂತ್ರವೇ ಅಳೆದು ಹೇಳುತ್ತದೆ. ಆ ಅಂಕಿಯನ್ನು ಓದುವ ಅಭ್ಯಾಸವಿರಬೇಕು, ಅಷ್ಟೆ. ಹೊತ್ತಿಗೆ ಸರಿಯಾಗಿ ಗುರುತಿಸಿ, ಹೊಂದುವ ದಾನಿಯಿಂದ ಮಜ್ಜೆಯನ್ನು ಕಸಿ ಮಾಡಿದರೆ ಮಗು ಬದುಕಿ ಬಾಳಬಲ್ಲುದು.

ಇಷ್ಟರವರೆಗೆ ಹೇಳಿದ ಚರಿತ್ರೆಯಲ್ಲಿ ಆಕ್ಟಿನ್ ಕೋಶವನ್ನು ನಡೆಸುವ ಸಾಧನ. ಅದಕ್ಕೆ ಇನ್ನೊಂದು ಉದ್ಯೋಗವೂ ಇದೆಯೆಂಬುದನ್ನು ತೋರಿಸುವುದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ತೊಂಡೇಬಾವಿಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿ ಯಲಹಂಕವನ್ನು ದಾಟುವಾಗ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ ಹೆಚ್ಚು ದೂರವಿರುವುದಿಲ್ಲ. ಅಲ್ಲಿಯೇ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ೧೯೯೮ರಲ್ಲಿ ಈ ಕೇಂದ್ರದ ರಜತ್ ವರ್ಮ ಮತ್ತು ಸತ್ಯಜಿತ್ ಮೇಯರ್, ಕೋಶದ ಹೊರಪೊರೆಗೆ ಕೊಬ್ಬಿನ ಲಂಗರಿನಿಂದ ಅಂಟಿಕೊಂಡಿರುವ ಒಂದು ಬಗೆಯ ಪ್ರೋಟೀನುಗಳು ಪೊರೆಯಲ್ಲೆಲ್ಲ ಸಮನಾಗಿ ಚೆಲ್ಲಿಕೊಂಡಿರದೆ, ಸಾಧಾರಣ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣ ಗುಂಪುಗಳಲ್ಲಿರುವುವೆಂದು ಪ್ರಕಟಿಸಿದರು. ಕಾಣದುದನ್ನು ಅಳೆದ ಬಗೆ ಚಮತ್ಕಾರದ್ದು. ಬೆಳಕು ಸೂಸುವ ಒಂದೇ ಬಗೆಯ ಎರಡು ಅಣುಗಳು ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿದ್ದರೆ ಒಂದು ತನ್ನ ಶಕ್ತಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಆಗ ಹೊರಬರುವ ಬೆಳಕಿನ ಧ್ರುವೀಕರಣ ಕುಂದುತ್ತದೆ. ಆ ಕುಂದಿನಿಂದ ಅಣುಗಳ ಸಾಮೀಪ್ಯವನ್ನು ಲೆಕ್ಕ ಹಾಕಿದರು.

ಗುಂಪುಗೂಡಿಸುವವರು ಯಾರು? ಪೊರೆಯ ಕೊಬ್ಬುಗಳೇ ತಮ್ಮಷ್ಟಕ್ಕೆ ಹೆಪ್ಪುಗಟ್ಟಿ ಈ ಗುಂಪುಗಳನ್ನು ಮಾಡುತ್ತವೆಂಬ ಅಭಿಪ್ರಾಯ ಆಗ ಬಲವಾಗಿತ್ತು. ೨೦೦೮ರಲ್ಲಿ ಇದೇ ಪ್ರಯೋಗಶಾಲೆಯವರು, ಪೊರೆಯ ಒಳಬದಿಯ ಆಕ್ಟಿನ್ ಪದರದ ಚಟುವಟಿಕೆಯೇ ಕಾರಣವೆಂದು ತೋರಿಸಿದರು. ಆ ಪದರವಿಲ್ಲದೆ ಗುಳ್ಳೆಯಾಗಿ ಎದ್ದ ಪೊರೆಯಲ್ಲಿ ಗುಂಪುಗಳಿರಲಿಲ್ಲ. ರಾಮನ್ ಸಂಶೋಧನ ಸಂಸ್ಥೆಯ ಭೌತವಿಜ್ಞಾನಿ ಮದನ್ ರಾವ್ ಇವರೊಡನೆ ಸೇರಿ ೨೦೧೨ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು: ಗಿಡ್ಡವಾದ ಆಕ್ಟಿನ್ ಎಳೆಗಳು ಮಯೋಸಿನ್ನಿನ ಎಳೆತಕ್ಕೆ ಸಿಕ್ಕಿ ತಾರೆಯ ಆಕಾರದಲ್ಲಿ ಕೂಡುತ್ತವೆ, ತಮಗೆ ತಗುಲಿದ ಅಣುಗಳನ್ನು ನಡುವಿಗೆ ಎಳೆದು ತರುತ್ತವೆ, ಚೆದರುತ್ತವೆ, ಮತ್ತೆ ಕೂಡುತ್ತವೆ. ಹೊರಪದರದಲ್ಲಿ ಮಾತ್ರ ಲಂಗರು ಹಾಕಿದ ಅಣುವನ್ನು ಒಳಗಿನ ಆಕ್ಟಿನ್ ಹೇಗೆ ಎಳೆದೀತೆಂಬ ಆಕ್ಷೇಪಣೆಗೆ ೨೦೧೫ರಲ್ಲಿ ಸಮಾಧಾನ ದೊರೆಯಿತು: ಒಳಪದರದ ಫಾಸ್ಫಟಿಡೈಲ್‌ಸೆರಿನ್ ಎಂಬ ಕೊಬ್ಬಿನ ಉದ್ದನೆಯ ಸರಪಣಿಗಳು ಹೊರಪದರದ ಸರಪಣಿಗಳೊಡನೆ ಪೊರೆಯ ನಡುವೆ ಹೆಣೆದುಕೊಂಡು ಎಳೆತವನ್ನು ದಾಟಿಸುತ್ತವೆ. ೨೦೧೯ರಲ್ಲಿ ಫಾರ್ಮಿನ್ನಿನಿಂದ ಬೆಳೆದ ಆಕ್ಟಿನ್ನೇ ಈ ಗುಂಪುಗಳಿಗೆ ಆಧಾರವೆಂದೂ, ಅವು ಇಲ್ಲದ ಕೋಶ ನೆಲೆಯ ಮೇಲೆ ಸರಿಯಾಗಿ ಹರಡಿಕೊಳ್ಳಲಾರದೆಂದೂ ತಿಳಿಯಿತು. ಜೀವಶಾಸ್ತ್ರಜ್ಞರೂ ಭೌತವಿಜ್ಞಾನಿಗಳೂ ಇಷ್ಟು ವರ್ಷ ಒಂದೇ ಪ್ರಶ್ನೆಯನ್ನು ಬಿಡದೆ ಹಿಡಿದುದು ನಮ್ಮ ದೇಶದಲ್ಲಿ ಅಪರೂಪವೆಂದೇ ಹೇಳಬೇಕು.

ಪೊರೆಯ ಈ ವಿಚಾರ ರೋಗನಿರೋಧಕ್ಕೆ ಹೊರಗಿನದೆಂದು ತೋರಬಹುದು; ಹಾಗಲ್ಲ. ಟಿ-ಲಿಂಫೋಸೈಟು ತನಗೆ ಸುದ್ದಿ ತಂದ ಕೋಶವನ್ನು ಸ್ಪರ್ಶಿಸಿದ ಎಡೆಯಲ್ಲಿ ಅದರ ಗ್ರಾಹಕಗಳು ಗುಂಪುಗೂಡಿ ಒಂದು ಮುದ್ರೆಯಂತೆ ಅಣಿಯಾಗುವುದನ್ನು ಕುಪ್ಫರ್ ಮೊದಲಾದವರು ೧೯೯೮ರಲ್ಲಿಯೂ ಡಸ್ಟಿನ್ ಮೊದಲಾದವರು ೧೯೯೯ರಲ್ಲಿಯೂ ವರ್ಣಿಸಿದ್ದರು. ಬೆಂಗಳೂರಿನಲ್ಲಿ ಪೊರೆಯ ಗುಂಪುಗಳನ್ನು ಅಳೆದಿದ್ದ ರಜತ್ ವರ್ಮ ನ್ಯೂಯಾರ್ಕಿನಲ್ಲಿ ಡಸ್ಟಿನ್ನನ ಬಳಿ ಕೆಲಸ ಮಾಡಿ, ಈ ಸಂಪರ್ಕದ ಅಂಚಿನಲ್ಲಿ ಹುಟ್ಟುವ ಗ್ರಾಹಕಗಳ ಕಿರುಗುಂಪುಗಳೇ ಸಂಜ್ಞೆಯನ್ನು ಹೊರಡಿಸುತ್ತವೆಂದೂ, ಅವು ನಡುವಿಗೆ ಸರಿದಾಗ ಸಂಜ್ಞೆ ನಿಲ್ಲುವುದೆಂದೂ ೨೦೦೬ರಲ್ಲಿ ತೋರಿಸಿದರು. ಆ ಸರಿಯುವಿಕೆಗೆ ವಾಹನ ಆಕ್ಟಿನ್.

ಮೇಯರ್ ಅವರ ಪ್ರಯೋಗಶಾಲೆಯಲ್ಲಿಯೇ ಶಿಕ್ಷಣ ಪಡೆದ ಸುಧಾ ಕುಮಾರಿ ಅದೇ ಡಸ್ಟಿನ್ ಪ್ರಯೋಗಶಾಲೆಯಲ್ಲಿ ನಡೆಸಿದ ಅಧ್ಯಯನ ೨೦೧೫ರಲ್ಲಿ ಪ್ರಕಟವಾಯಿತು. ವಿಸ್ಕಾಟನ ಪ್ರಶ್ನೆಗೆ ಇದುವರೆಗೆ ಬಂದ ಉತ್ತರಗಳಲ್ಲಿ ಬಹು ಸೂಕ್ಷ್ಮವಾದುದು ಇದೆಂಬುದು ನಮ್ಮ ಅಭಿಪ್ರಾಯ. ಗ್ರಾಹಕಗಳ ಪ್ರತಿಯೊಂದು ಕಿರುಗುಂಪಿನ ಬಳಿಯೂ ವಾಸ್ಪ್ ಹೊಸದಾಗಿ ಆಕ್ಟಿನ್ನಿನ ಒಂದು ಚಿಕ್ಕ ಮೊಗ್ಗನ್ನು ಎಬ್ಬಿಸುತ್ತದೆ. ವಾಸ್ಪ್ ಇಲ್ಲದ ಲಿಂಫೋಸೈಟಿನಲ್ಲಿ ಗ್ರಾಹಕಗಳು ಗುಂಪುಗೂಡುತ್ತವೆ, ಆರಂಭದ ಸಂಜ್ಞೆಗಳೂ ಹೊರಡುತ್ತವೆ. ಆದರೆ ಮೊಗ್ಗು ಏಳುವುದಿಲ್ಲ, ಮತ್ತು ಕ್ಯಾಲ್ಸಿಯಮನ್ನು ಬಿಡಿಸಬೇಕಾದ ಫಾಸ್ಫೊಲೈಪೇಸ್ ಎಂಬ ಕಿಣ್ವ ಸರಿಯಾಗಿ ಚುರುಕಾಗುವುದಿಲ್ಲ. ಕೋಶ ಕೇಳಿಸಿಕೊಂಡಿತು, ಆದರೆ ಓಗೊಡಲಿಲ್ಲ. ಕಾಲಿಲ್ಲದುದರಿಂದ ಸೋತ ನ್ಯೂಟ್ರೋಫಿಲ್ ೧೯೭೪ರ ಮಗುವಿನದಾದರೆ, ಮುಟ್ಟಿಯೂ ಅರಿಯಲಾರದ ಲಿಂಫೋಸೈಟು ಇದು. ಸುಧಾ ಕುಮಾರಿ ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕವರ್ಗವನ್ನು ಸೇರಿದರು. ವಾಸ್ಪ್ ಎಬ್ಬಿಸುವ ಈ ಮೊಗ್ಗುಗಳು ಸಂಜ್ಞೆಗೆ ಮಾತ್ರವಲ್ಲದೆ ಸಂಪರ್ಕದ ಬಿಗಿಯನ್ನು ಕಾಪಾಡುವುದಕ್ಕೂ ಬೇಕೆಂದು, ಅವು ಇಲ್ಲವಾದಾಗ ಲಿಂಫೋಸೈಟು ಹಿಡಿದ ಕೋಶವನ್ನು ಬಿಟ್ಟು ಸರಿಯತೊಡಗುವುದೆಂದು ಅವರೂ ಸಹೋದ್ಯೋಗಿಗಳೂ ೨೦೨೦ರಲ್ಲಿ ಪ್ರಕಟಿಸಿದ್ದಾರೆ.